ತಾತ ಹೋದ ವರ್ಷ ನಾನು ಕಲಿಸಿದ ಮಗ್ಗಿ

ಇಲ್ಲ ಇಲ್ಲ, ವಯಸ್ಸಾಯ್ತು ಅಂತ ಟೀಚರ್ ಕೆಲಸ ಬಿಟ್ಟಿದ್ದಲ್ಲ ಅನಘಾ, ಅದು ನಿಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳೋ ಮಾತು. ಐವತ್ತೊಂಬತ್ತು ಒಂದು ವಯಸ್ಸಾ? ನಮ್ಮ ಸ್ಕೂಲಲ್ಲಿ ಪ್ಯಾಟ್ ಅಂತ ಒಬ್ಬಳಿದ್ದಳು, ನನಗಿಂತ ಏಳೆಂಟು ವರ್ಷ ದೊಡ್ಡವಳು, ಮಕ್ಕಳ ಜೊತೆ ಕ್ರಾಸ್ ಕಂಟ್ರಿ ಓಡೋಳು, ಕೆಸರಲ್ಲಿ ಜಾರಿಬಿದ್ದು ಎದ್ದು ಮತ್ತೆ ಓಡೋಳು. ನನಗೂ ಕಾಲು ಗಟ್ಟಿಯಾಗೇ ಇತ್ತು, ಗಂಟಲೂ ಗಟ್ಟಿಯಾಗಿತ್ತು. ನೀನು ಕೇಳಿದೆಯಲ್ಲ, "ಬಟ್ ವೈ ಅಜ್ಜಿ, ಯು ಲವ್ಡ್ ಇಟ್" ಅಂತ, ಅದಕ್ಕೆ ಸರಿಯಾದ ಉತ್ತರ ಇದುವರೆಗೆ ಯಾರಿಗೂ ಕೊಟ್ಟಿಲ್ಲ. ಆ ಶಾಲು ಈ ಕಡೆ ಕೊಡು. ಮನೆ ಹಿಂದಿನ ಈ ಡೆಕ್ ಮೇಲೆ ಬಿಸಿಲಿದ್ದರೂ ಗಾಳಿ ಮಾತ್ರ ಬಿಡಲ್ಲ. ಹೂಂ. ಮೊದಲು ಎಲ್ಲಿಂದ ಶುರು ಮಾಡ್ಲಿ... ನಾನೂ ತಾತನೂ ಮೈಸೂರು ಬಿಟ್ಟು ಈ ದೇಶಕ್ಕೆ ಬಂದಾಗ ನೀನು ಎರಡನೇ ಕ್ಲಾಸು, ಅಲ್ಲ, ಮೂರು, ಮೂರನೇ ಕ್ಲಾಸು. ನಿಮ್ಮಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋರು, ತಾತ ನಿನ್ನ ಸ್ಕೂಲಿಂದ ಕರ್ಕೊಂಡು ಬರೋರು, ನಾನು ಮೈಸೂರಲ್ಲಿ ಅಷ್ಟು ವರ್ಷ ಪಾಠ ಮಾಡಿದವಳು ಇಲ್ಲಿ ಸುಮ್ಮನೆ ಚಪಾತಿ ಲಟ್ಟಿಸ್ತಾ ಕೂತಿರೋಕೆ ಆಗ್ತಿರಲಿಲ್ಲ. ಪರೀಕ್ಷೆ ಕಟ್ಟಿದೆ, ಇಂಗ್ಲಿಷ್ ಪರೀಕ್ಷೆ ಬೇರೆ, ಇಂಗ್ಲಿಷಲ್ಲೇ ಸೈನ್ಸ್ ಪಾಠ ಮಾಡಿದವಳಿಗೆ! ಆಮೇಲೆ ರಿಲೀವರ್ ಕೆಲಸ. ಅಂದ್ರೆ ಯಾವ ಸ್ಕೂಲಲ್ಲಿ ಟೀಚರ್‌ಗೆ ನೆಗಡಿಯೋ ಅಲ್ಲಿಗೆ ನಾನು. ಬೆಳಿಗ್ಗೆ ಕಾಫಿಗೆ ಹಾಲು ಇಟ್ಟಿರೋವಾಗ ಫೋನ್ ಬರೋದು, ಬರ್ತೀಯಾ ಅಂತ. ಹೋಗೋದು, ಮಕ್ಕಳ ಹೆಸರು ಗೊತ್ತಾಗೋಷ್ಟರಲ್ಲಿ ಸಂಜೆ, ನಾಳೆ ಇನ್ನೊಂದು ಸ್ಕೂಲು. ಫೋನ್ ಬರದ ವಾರಗಳೂ ಇದ್ವು. ತಾತ ಅಡುಗೆಮನೇಲಿ ಫೋನನ್ನೇ ನೋಡ್ತಾ ನಿಂತಿರೋರು, ಅದು ಉಕ್ಕುತ್ತೇನೋ ಅನ್ನೋ ಹಾಗೆ. ಹಾಗೂ ಹೀಗೂ ಸ್ಯಾಂಡ್ರಿಂಗಮ್ ರೋಡಲ್ಲೇ ಒಂದು ಬಸ್ಸಲ್ಲಿ ಹೋಗೋ ಅಷ್ಟು ದೂರದ ಪ್ರೈಮರಿ ಸ್ಕೂಲಲ್ಲಿ ಖಾಯಂ ಕೆಲಸ ಸಿಕ್ತು. ಅಲ್ಲಿ ಪ್ರಿನ್ಸಿಪಾಲರು ಹೆದರ್ ಅಂತ.

ಹೆದರ್ ಅಂತ ಹೆಸರು ಹಿಡಿದು ಕರೀಬೇಕಂತೆ. ನನಗೆ ನಾಲಿಗೆ ಹೊರಳಲಿಲ್ಲ. ಮೇಡಂ ಅಂದೆ. ಅವರು, "ಮೇಡಂ ಅನ್ನಬೇಡ ಸುಮಿ, ಸತ್ತು ಗೋಡೆ ಮೇಲೆ ಫೋಟೋ ಆಗಿದೀನೇನೋ ಅನ್ನಿಸುತ್ತೆ" ಅಂದ್ರು. ನನ್ನ ಹೆಸರು ಸುಮಿತ್ರಾ, ಇಲ್ಲಿ ಎಲ್ಲರ ಬಾಯಲ್ಲೂ ಸುಮಿ ಆಯ್ತು. ಈಗ ಕೇಳು, ಸೇರಿದ ಮೊದಲ ವಾರವೇ ನಾನು ಮಾಡಿದ್ದು. ಪಾಠ ನಡೀತಾ ಇದೆ, ಬಾಗಿಲು ತೆಗೆದು ಹೆದರ್ ಒಳಗೆ ಬಂದ್ರು. ನಾನು ಚಾಕ್— ಚಾಕ್ ಎಲ್ಲಿ ಬಂತು, ಪೆನ್ನು, ಬಿಳಿ ಬೋರ್ಡಿನ ಪೆನ್ನು— ಅದನ್ನ ಕೆಳಗಿಟ್ಟು, "ಕ್ಲಾಸ್, ಸ್ಟ್ಯಾಂಡ್ ಅಪ್!" ಅಂದುಬಿಟ್ಟೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ತಾರೆ, ಬೆಂಕಿ ಬಿತ್ತೇನೋ ಅಂತ ಒಬ್ಬ ಬ್ಯಾಗ್ ಹೆಗಲಿಗೆ ಹಾಕ್ಕೊಂಡ. ನಮ್ಮೂರಲ್ಲಿ ಹೆಡ್ ಮಾಸ್ಟರು ಕ್ಲಾಸಿಗೆ ಬಂದರು ಅಂದ್ರೆ ಏನೋ ತಪ್ಪಾಗಿದೆ ಅಂತಲೇ ಅರ್ಥ, ಹಿಂದಿನ ಬೆಂಚಲ್ಲಿ ಕೂತು ಗೀಚ್ಕೊಳ್ಳೋರು, ಸಂಜೆ ಕರೆಸಿ ಓದಿ ಹೇಳೋರು. ನಾನು ಪಾಠ ನಿಲ್ಲಿಸಿ ಕೈಕಟ್ಟಿ ನಿಂತೆ. ಹೆದರ್ ಪಾಪ ಅಲ್ಲೇ ಸಿಕ್ಕಿದ ಚಿಕ್ಕ ಕುರ್ಚಿ ಎಳ್ಕೊಂಡು, ಮಂಡಿ ಗಲ್ಲಕ್ಕೆ ತಾಗೋ ಹಾಗೆ ಕೂತು, "ಏನೂ ಇಲ್ಲ ಸುಮಿ, ಕತ್ತರಿ ಕೆಲಸ ಏನಾದ್ರೂ ಇದ್ದರೆ ಕೊಡು" ಅಂದ್ರು. ಇದೂ ಒಂದು ಪರೀಕ್ಷೆ ಇರಬೇಕು ಅಂದ್ಕೊಂಡೆ. ಎಷ್ಟೋ ದಿನ ಹಾಗೇ ಅಂದ್ಕೊಂಡಿದ್ದೆ. ಅವರು ಬಂದಾಗೆಲ್ಲ ನನ್ನ ಇಂಗ್ಲಿಷು ಬಿಗಿದುಕೊಳ್ಳೋದು, ಅವರು ಮಾತ್ರ ಮಕ್ಕಳ ಜೊತೆ ಕೂತು ಪೇಪರ್ ಕತ್ತರಿಸಿ, ಯಾರದೋ ಮೂಗು ಒರೆಸಿ, ಚಹಾ ಆರಿಹೋಯ್ತು ಅಂತ ಬೈಕೊಂಡು ಎದ್ದು ಹೋಗೋರು.

ಇನ್ನು ಮಗ್ಗಿ ವಿಷಯ. ನನ್ನ ಕ್ಲಾಸಿನ ಮಕ್ಕಳು ಒಂಬತ್ತು ಹತ್ತು ವರ್ಷದವರು, ಎಲ್ಲ ದೇಶದವರು. ಲೆಕ್ಕ ಯಾಕೆ ಹಾಗೆ ಬರುತ್ತೆ ಅಂತ ಚೆನ್ನಾಗಿ ವಿವರಿಸೋರು, ಚಿತ್ರ ಬರೆದು ತೋರಿಸೋರು, ಅದು ಒಳ್ಳೇದೇ, ನಮ್ಮಲ್ಲಿ ಅದನ್ನ ಕಲಿಸ್ತಿರಲಿಲ್ಲ. ಆದರೆ ಏಳೆಂಟ್ಲ ಎಷ್ಟು ಅಂದ್ರೆ ಬೆರಳು ಎಣಿಸ್ತಾ ಕೂತುಬಿಡೋರು, ಅಷ್ಟರಲ್ಲಿ ಭಾಗಾಕಾರ ಎಲ್ಲೋ ಕೈತಪ್ಪಿ ಹೋಗಿರೋದು. ಅವರಲ್ಲಿ ಸೀನಾ ಅಂತ ಒಬ್ಬಳು, ಸಮೋವಾ ದ್ವೀಪದ ಹುಡುಗಿ, ಹೆಸರು ಕೇಳಿ ನಗಬೇಡ, ಅವರಲ್ಲಿ ಅದು ಹೆಣ್ಣುಮಕ್ಕಳ ಹೆಸರು. ದುಂಡು ಮುಖ, ಚರ್ಚಲ್ಲಿ ಹಾಡಿ ಹಾಡಿ ತುಂಬು ಗಂಟಲು. ಲೆಕ್ಕದ ಹೊತ್ತಲ್ಲಿ ಮಾತ್ರ ಟೇಬಲ್ ಕೆಳಗೆ ಪೆನ್ಸಿಲ್ ಬೀಳಿಸ್ಕೊಳ್ಳೋಳು, ಹುಡುಕ್ತಾನೇ ಇರೋಳು. ಒಂದು ದಿನ ನಾನು ಬಾಗಿಲು ಹಾಕಿ, ನಮ್ಮ ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಇದೆಯಲ್ಲ, ಅದೇ ರಾಗದಲ್ಲಿ ಇಂಗ್ಲಿಷ್ ಮಗ್ಗಿ ಹೇಳಿಕೊಟ್ಟೆ, ಚಪ್ಪಾಳೆ ತಟ್ಟಿಸಿ. ಸೀನಾ ಪೆನ್ಸಿಲ್ ಬಿಟ್ಟು ಮೇಲೆ ಬಂದಳು! ಮೂರನೇ ದಿನಕ್ಕೆ ಅವಳೇ ಚರ್ಚಲ್ಲಿ ಹಾಡೋ ಹಾಗೆ ನಮ್ಮ ರಾಗಕ್ಕೆ ಜೊತೆಯಾಗಿ ಇನ್ನೊಂದು ಸ್ವರ ಹಿಡಿದು ಹಾಡ್ತಿದ್ದಾಳೆ, ಮೂರ ಮಗ್ಗಿ ದೇವರ ಹಾಡಿನ ಹಾಗೆ ಕೇಳ್ತಿದೆ. ಅಷ್ಟರಲ್ಲಿ ಬಾಗಿಲು ತೆಗೀತು, ಹೆದರ್. ಆಯ್ತು, ನನ್ನ ಕಥೆ ಮುಗೀತು ಅಂದ್ಕೊಂಡೆ, ಇಲ್ಲಿ ಬಾಯಿಪಾಠ ಅಂದ್ರೆ ಬೈಗುಳ. ಅವರು ಚಿಕ್ಕ ಕುರ್ಚಿ ಎಳ್ಕೊಂಡು, "ನಿಲ್ಲಿಸಬೇಡಿ, ಏಳರದ್ದು ನನಗೂ ಯಾವತ್ತೂ ಬಂದಿಲ್ಲ" ಅಂದ್ರು.

ಸರಿ, ಈ ಸದ್ದು ಮನೆಗಳಿಗೂ ಹೋಯ್ತು. ಒಬ್ಬ ಹುಡುಗನ ತಂದೆ ಸಿಟ್ಟಾಗಿ ಬಂದ್ರು. ಈಗಿನ ಕಾಲದಲ್ಲಿ ಯಾರು ಹೀಗೆ ಕಲಿಸ್ತಾರೆ, ನನ್ನ ಮಗ ಗಿಳಿ ಅಲ್ಲ, ಜೊತೆಗೆ ಆಯಮ್ಮನ ಉಚ್ಚಾರಣೆ ನಮಗೇ ಅರ್ಥ ಆಗಲ್ಲ ಅಂತ. ನನ್ನನ್ನ ಆಫೀಸಿಗೆ ಕರೆಸಿದ್ರು. ಅಲ್ಲಿ ಏನು ನೋಡ್ತೀನಿ ಗೊತ್ತಾ, ಹೆದರ್ ತಮ್ಮ ದೊಡ್ಡ ಕುರ್ಚಿ ಬಿಟ್ಟು ಟೇಬಲ್ಲಿನ ಈಚೆಗೆ ಬಂದು, ನನಗೆ ಅಂತ ಇಟ್ಟಿದ್ದ ಕುರ್ಚಿ ಪಕ್ಕದಲ್ಲಿ ಕೂತಿದ್ರು. ಅಂದ್ರೆ ಆ ಕಡೆ ಆತ ಒಬ್ಬರೇ, ಈ ಕಡೆ ನಾವಿಬ್ಬರು. ಹೆದರ್ ಸಿಟ್ಟು ಮಾಡಲಿಲ್ಲ. "ನಾನು ಆ ಕ್ಲಾಸಲ್ಲಿ ಕೂತಿದೀನಿ. ಯಾಕೆ ಅನ್ನೋದನ್ನ ಸುಮಿ ಮೊದಲು ಕಲಿಸ್ತಾಳೆ, ಮಗ್ಗಿ ಆಮೇಲೆ. ನಿಮ್ಮ ಮಗ ಗಿಳಿ ಅಲ್ಲ, ಬೇಕಾದ್ರೆ ಅವನನ್ನೇ ಕೇಳೋಣ. ನೀವು ಕೇಳೋ ಪ್ರಶ್ನೆಗೆ ಈ ಸ್ಕೂಲಿನ ಪರವಾಗಿ ಉತ್ತರ ಕೊಡೋಳು ನಾನು" ಅಂದ್ರು. ಆತ ಹೋದ್ರು. ಹೆದರ್ ಎದ್ದು ಬಾಗಿಲು ಹಾಕಿದ್ರು, ಹಾಕಿ ನನ್ನ ಕಡೆ ತಿರುಗಿ, "ಈಗ ನಮ್ಮಿಬ್ಬರ ಮಧ್ಯೆ. ನೀನು ತುಂಬಾ ಬೇಗ ಮಾತಾಡ್ತೀಯ. ಹಿಂದೆ ಕೂತಿರೋ ಮೂರು ಮಕ್ಕಳು ನಿನ್ನ ಮಾತಲ್ಲಿ ಅರ್ಧ ಬಿಟ್ಟು ಕೇಳಿಸ್ಕೊಳ್ತಿದಾರೆ. ಅದನ್ನ ಸರಿ ಮಾಡು" ಅಂದ್ರು. ಅದು ನಿಜ. ಬೇಗ ಬೇಗ ಮಾತಾಡ್ತಿದ್ದೆ, ಹೆದರಿಕೆಗೆ. ಯಾರಾದ್ರೂ ಹಾಗೆ ಮುಖಕ್ಕೆ ಹೇಳಿದ್ರೆ ಮೈಸೂರಲ್ಲಾದ್ರೆ ಒಂದು ವಾರ ಊಟ ಸೇರ್ತಿರಲಿಲ್ಲ. ಅವತ್ತು ಏನೂ ಅನ್ನಿಸಲಿಲ್ಲ ಅನಘಾ. ಬಸ್ಸಲ್ಲಿ ಬರ್ತಾ ನಿಧಾನವಾಗಿ ಮಾತಾಡೋದನ್ನ ತುಟಿಯಲ್ಲೇ ಅಭ್ಯಾಸ ಮಾಡ್ತಿದ್ದೆ, ಪಕ್ಕದಲ್ಲಿ ಕೂತವಳು ಜಪ ಮಾಡ್ತಿದೀನಿ ಅಂದ್ಕೊಂಡಿರಬೇಕು.

ಆಮೇಲಿನ ತಿಂಗಳುಗಳು... ನಾನು ಜೀವಮಾನದಲ್ಲಿ ಹಾಗೆ ಪಾಠ ಮಾಡಿರಲಿಲ್ಲ. ಹೊಗಳಿಕೊಳ್ಳೋ ಮಾತಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತಿದೀನಿ. ಸ್ಟಾಫ್‌ರೂಮಲ್ಲಿ ಟೀ ಕುಡೀತಾ, "ರಗ್ಬಿ ಅಂಕದ ಲೆಕ್ಕ ಕೇಳ್ತಾರೆ, ನನಗೆ ರಗ್ಬಿಯೇ ಗೊತ್ತಿಲ್ಲ" ಅಂತ ಎಲ್ಲರ ಎದುರಿಗೆ ಹೇಳಿದೆ. ಗೊತ್ತಿಲ್ಲ ಅನ್ನೋ ಮಾತು ನನ್ನ ಬಾಯಿಂದ! ಪ್ಯಾಟ್ ಸಕ್ಕರೆ ಡಬ್ಬ, ಬಿಸ್ಕತ್ತು ಎಲ್ಲ ಜೋಡಿಸಿ ಟೇಬಲ್ ಮೇಲೆ ರಗ್ಬಿ ಆಡಿಸಿ ತೋರಿಸಿದಳು. ಮಕ್ಕಳನ್ನ ಸಾಲಾಗಿ ನಡೆಸ್ಕೊಂಡು ನಮ್ಮ ಸ್ಯಾಂಡ್ರಿಂಗಮ್ಮಿನ ದಿನಸಿ ಅಂಗಡಿಗೆ ಕರ್ಕೊಂಡು ಹೋದೆ, ತೊಗರಿಬೇಳೆ ತೂಗಿಸಿದೆ, ಅರ್ಧ ಕಿಲೋ, ಕಾಲು ಕಿಲೋ, ಮುಕ್ಕಾಲು, ಭಿನ್ನರಾಶಿ ಪಾಠ ಅಲ್ಲೇ ಮೂಟೆಗಳ ಮಧ್ಯೆ ಮುಗೀತು. ಅಂಗಡಿಯವನು, "ಟೀಚರ್, ಇಷ್ಟು ಜನ ಗಿರಾಕಿ, ಒಬ್ಬರೂ ಏನೂ ತಗೊಳ್ಳಲ್ವಾ?" ಅಂದ. ಬೋರ್ಡ್ ಮೇಲೆ ನಾನೇ ತಪ್ಪು ಬರೆದ್ರೆ, ಹಿಡಿದ ಮಗುವಿಗೆ ಕೈ ಕುಲುಕಿ ಶಭಾಶ್ ಅನ್ನೋಳು. ತಪ್ಪಾದ್ರೆ ಆಗ್ಲಿ ಅನ್ನೋ ಧೈರ್ಯ ಬಂದಿತ್ತು, ವಿಚಿತ್ರ ಅಂದ್ರೆ ಆ ಧೈರ್ಯ ಬಂದ ಮೇಲೆ ತಪ್ಪುಗಳು ಕಡಿಮೆ ಆದವು.

ಆ ವರ್ಷವೇ ಆಗಸ್ಟಲ್ಲಿ ತಾತ ಹೋಗಿದ್ದು. ನಿನಗೆ ನೆನಪಿದೆ, ನೀನು ಆಗ ಸ್ವೆಟರ್ ತೋಳು ಕಚ್ಚಿಕೊಂಡು ಆ ಮೂಲೇಲಿ ಕೂತಿದ್ದೆ. ಬೆಳಿಗ್ಗೆ ನನ್ನ ಡಬ್ಬಿಗೆ ಉಪ್ಪಿಟ್ಟು ತುಂಬಿ ಮುಚ್ಚಳ ಹಾಕಿದ್ರು, ಕೂತ್ಕೊಳ್ತೀನಿ ಸ್ವಲ್ಪ ಅಂದ್ರು, ಅಷ್ಟೆ. ಅದನ್ನ ಜಾಸ್ತಿ ಹೇಳಲ್ಲ. ನಿಮ್ಮಮ್ಮ ಸ್ಕೂಲಿಗೆ ಫೋನ್ ಮಾಡಿದಳು. ಇಲ್ಲಿ ಹತ್ತಿರದವರು ಹೋದ್ರೆ ಮೂರು ದಿನ ರಜ, ಅದು ಕಾನೂನು. ನಮ್ಮಲ್ಲಿ ಮೂರನೇ ದಿನಕ್ಕೆ ಇನ್ನೂ ಏನೂ ಮುಗಿದಿರಲ್ಲ, ಮೈಲಿಗೆ ಕಳೀಬೇಕು, ವೈಕುಂಠ ಸಮಾರಾಧನೆ ಆಗಬೇಕು. ಕೆಲಸ ಹೋಗುತ್ತೆ ಅಂತ ನನಗೆ ಆ ದುಃಖದಲ್ಲೂ ಒಂದು ಮೂಲೇಲಿ ಕೊರೀತಿತ್ತು. ಹೆದರ್ ಮನೆಗೆ ಬಂದ್ರು. ಏನು ತರಬಹುದು, ಏನು ತರಬಾರದು, ಎಲ್ಲಾ ನಿಮ್ಮಮ್ಮನ ಹತ್ತಿರ ಮೊದಲೇ ಕೇಳ್ಕೊಂಡಿದ್ದರು. ಅವರ ಮನೆ ಗಿಡದ ಮ್ಯಾಂಡರಿನ್ ಹಣ್ಣು ಒಂದು ಚೀಲ ತಂದಿದ್ರು. ಬೂಟು ಬಿಚ್ಚಿ ಒಳಗೆ ಬಂದು ನೆಲದ ಮೇಲೇ ಕೂತು, "ನಿಮ್ಮ ಪದ್ಧತಿಯಲ್ಲಿ ಎಷ್ಟು ದಿನ ಸುಮಿ?" ಅಂದ್ರು. ಹದಿಮೂರು ಅಂದೆ. "ಹಾಗಾದ್ರೆ ಹದಿಮೂರು. ನಿನ್ನ ಕ್ಲಾಸಿಗೆ ಬೇರೆ ಯಾರನ್ನೂ ಕಳಿಸಲ್ಲ, ನಾನೇ ಹೋಗ್ತೀನಿ. ಮಕ್ಕಳಿಗೂ ಗೊತ್ತಿರೋ ಮುಖ ಬೇಕು" ಅಂದ್ರು. ಸಾವಿನ ಮನೆಯಿಂದ ಹೋಗುವಾಗ ಹೋಗಿ ಬರ್ತೀನಿ ಅನ್ನಬಾರದಲ್ಲ, ಅದನ್ನೂ ಕೇಳ್ಕೊಂಡಿದ್ರು, ಏನೂ ಮಾತಾಡದೆ ನನ್ನ ಭುಜ ಒಂದು ಸಲ ಒತ್ತಿ ಎದ್ದು ಹೋದ್ರು. ಇಡೀ ಸ್ಕೂಲು ನಡೆಸೋರು, ದಿನಾ ನನ್ನ ಕ್ಲಾಸಲ್ಲಿ ನಿಂತು ಪಾಠ ಮಾಡಿ, ತಮ್ಮ ಕೆಲಸ ಸಂಜೆ ಕೂತು ಮಾಡ್ತಿದ್ರಂತೆ, ಅದನ್ನ ಪ್ಯಾಟ್ ಆಮೇಲೆ ಹೇಳಿದಳು, ಅವರ ಬಾಯಿಂದ ಬರಲಿಲ್ಲ.

ನಾನು ವಾಪಸ್ ಹೋದ ದಿನ ಬಾಗಿಲಲ್ಲೇ ನಿಂತೆ. ಒಳಗೆ ಹೆದರ್ ಮಗ್ಗಿ ಹೇಳಿಸ್ತಿದಾರೆ, ರಾಗ ಎಲ್ಲೋ, ಅವರು ಎಲ್ಲೋ. ಸೀನಾ ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡು, ನಾನು ಬಗ್ಗಿದಾಗ ಕಿವೀಲಿ ಹೇಳಿದಳು, "ಮಿಸ್, ಹೆದರ್‌ಗೆ ಏಳರದ್ದು ಈಗಲೂ ಬರಲ್ಲ, ನಾವು ಕಲಿಸ್ತಾನೇ ಇದೀವಿ." ಹೆದರ್ ನನ್ನ ನೋಡಿ, "ನೀನು ಕೂತಿರು, ಬೇಕು ಅನ್ನಿಸಿದಾಗ ಎದ್ದು ಬಾ, ಇವತ್ತು ಬೇಡ ಅಂದ್ರೆ ಬೇಡ" ಅಂದ್ರು. ಸ್ವಲ್ಪ ಹೊತ್ತಿಗೇ ಎದ್ದೆ. ಅವತ್ತಿನಿಂದ ಡಿಸೆಂಬರ್‌ವರೆಗೆ ನನಗೆ ಮನೇಲಿ ಉಸಿರು ಕಟ್ಟೋದು, ಸ್ಕೂಲಲ್ಲಿ ಉಸಿರಾಡೋಳು. ಸೀನಾ ಒಬ್ಬಳೇ ಆರರ ಮಗ್ಗಿವರೆಗೆ ನೋಡದೆ ಹೇಳೋ ಹಾಗಾದಳು, ಭಾಗಾಕಾರಕ್ಕೆ ಕೈ ಹಾಕಿದಳು, ಪೆನ್ಸಿಲ್ ಬೀಳೋದು ನಿಂತಿತ್ತು. ಇಂಟರ್‌ಮೀಡಿಯೆಟ್ ಸ್ಕೂಲಿಗೆ, ಅಂದ್ರೆ ಇಲ್ಲಿ ಪ್ರೈಮರಿ ಮುಗಿಸಿ ಹನ್ನೊಂದು ವರ್ಷಕ್ಕೆ ಸೇರೋ ಸ್ಕೂಲಿಗೆ, ಹೋಗೋಕೆ ಇನ್ನೊಂದು ವರ್ಷ ಇದೆ, ಮುಂದಿನ ವರ್ಷವೂ ಅದೇ ಮಕ್ಕಳನ್ನ ನನಗೇ ಕೊಟ್ಟಿದ್ದರು, ಇನ್ನೊಂದು ವರ್ಷಕ್ಕೆ ಅವಳು ಪೂರ್ತಿ ದಡ ಸೇರ್ತಾಳೆ ಅನ್ನೋದು ನನಗೆ ಖಾತ್ರಿ ಇತ್ತು.

ಆ ಡಿಸೆಂಬರಲ್ಲಿ ಹೆದರ್ ರಿಟೈರ್ ಆಗಿ ದೇಶದ ದಕ್ಷಿಣದ ತುದೀಲಿರೋ ಡನೀಡಿನ್‌ಗೆ ಹೊರಟುಹೋದ್ರು, ಅಲ್ಲಿ ಅವರ ಅಕ್ಕ ಇದ್ರು, ಅಕ್ಕನಿಗೆ ಹುಷಾರಿರಲಿಲ್ಲ. ಫೆಬ್ರವರೀಲಿ ಇಲ್ಲಿ ಹೊಸ ವರ್ಷದ ಸ್ಕೂಲು ಶುರುವಾದಾಗ ಹೊಸ ಪ್ರಿನ್ಸಿಪಾಲಾಗಿ ಕ್ರೇಗ್ ಬಂದ. ಈಗ ಇಲ್ಲಿ ನಾನು ತೂಕ ಮಾಡಿ ಮಾತಾಡಬೇಕು. ಕ್ರೇಗ್ ಕೆಟ್ಟವನಲ್ಲ. ನಿಮ್ಮಪ್ಪನ ವಯಸ್ಸು, ನಗುಮುಖ, ನನಗೆ ಒಂದು ದಿನ ಬೈದಿಲ್ಲ, ದನಿ ಎತ್ತಿಲ್ಲ. ಎದುರಿಗೆ ಸಿಕ್ಕಾಗೆಲ್ಲ, "ಸುಮಿ, ಯು ಆರ್ ಎ ಸ್ಟಾರ್! ಆಲ್ ಗುಡ್? ಆಲ್ ಗುಡ್!" ಪ್ರಶ್ನೆಯೂ ಅವನೇ, ಉತ್ತರವೂ ಅವನೇ. ನಮ್ಮ ಮೈಸೂರಿನ ಹೆಡ್ ಮಾಸ್ಟರುಗಳು ಯಾವತ್ತೂ ಒಂದು ಒಳ್ಳೆ ಮಾತು ಆಡಿದವರಲ್ಲ, ಹೊಗಳಿದ್ರೆ ಮೇಷ್ಟ್ರುಗಳು ಕೆಟ್ಟುಹೋಗ್ತಾರೆ ಅನ್ನೋರು. ಹಾಗಾಗಿ ಹೊಗಳಿದವರು ನಮ್ಮ ಕಡೆಯವರು ಅಂತ ನಾನು ತಿಳ್ಕೊಂಡೆ. ಮಾರ್ಚಲ್ಲಿ ಇನ್ನೊಬ್ಬ ತಾಯಿ ಇಮೇಲ್ ಬರೆದಳು, ಅದೇ ದೂರು, ಮಗ್ಗಿ, ಉಚ್ಚಾರಣೆ. ಅವಳನ್ನ ಆಫೀಸಿಗೆ ಕರೆಸಿದ್ರು, ನಾನೂ ನಿಶ್ಚಿಂತೆಯಾಗಿ ಹೋದೆ. ಕ್ರೇಗ್ ಆ ತಾಯಿಗೆ ನನ್ನ ಎದುರಿಗೇ, "ನೀವು ಹೇಳಿದ್ದು ಒಳ್ಳೇದಾಯ್ತು, ನಾವು ಇದನ್ನ ಗಮನಿಸ್ತಿದೀವಿ" ಅಂದ. ನಾನು ಪಕ್ಕಕ್ಕೆ ತಿರುಗಿ ನೋಡಿದೆ, ಅವನು ತನ್ನ ಪೆನ್ನಿನ ಮುಚ್ಚಳ ನೋಡ್ತಿದ್ದ. ಅವಳು ಹೋದ ಮೇಲೆ, "ತಲೆ ಕೆಡಿಸ್ಕೋಬೇಡ ಸುಮಿ, ನೀನು ಅದ್ಭುತ ಟೀಚರ್. ಸದ್ಯಕ್ಕೆ ಆ ಹಾಡು ಒಂದನ್ನ ನಿಲ್ಲಿಸಿಬಿಡೋಣ, ಏನಂತೀಯ?" ಅಂದ. ನನ್ನ ಪಾಠದಲ್ಲಿ ಏನು ತಪ್ಪಿದೆ ಅಂತ ಕೇಳಿದೆ. "ತಪ್ಪಾ? ಏನೂ ಇಲ್ಲ, ಏನೂ ಇಲ್ಲ!" ಅಂದ. ಅವನು ಒಂದು ಸಲವೂ ಬಂದು ಕೂತು ನೋಡಿರಲಿಲ್ಲ, ಏನು ತಪ್ಪು ಅಂತ ಅವನಿಗೆ ಎಲ್ಲಿಂದ ಗೊತ್ತಾಗಬೇಕು.

ಅಲ್ಲಿಂದ ಮುಂದೆ ಏನಾಯ್ತು ಅನ್ನೋದನ್ನ ಸರಿಯಾಗಿ ಕೇಳಿಸ್ಕೋ, ಯಾಕಂದ್ರೆ ನನಗೇ ಅರ್ಥ ಆಗೋಕೆ ಬಹಳ ದಿನ ಬೇಕಾಯ್ತು. ನಾನು ಸೋಮಾರಿ ಆಗಲಿಲ್ಲ. ಮುಂಚೆಗಿಂತ ಜಾಸ್ತಿ ಹೊತ್ತು ಕೆಲಸ ಮಾಡ್ತಿದ್ದೆ. ಆದರೆ ಯಾವ ಕೆಲಸ? ದಿನಾ ಬೋರ್ಡ್ ಫೋಟೋ ತೆಗೆದಿಟ್ಕೊಳ್ಳೋದು, ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ. ಪೋಷಕರಿಗೆ ಎರಡು ಸಾಲು ಬರೆಯೋಕೆ ಸಂಜೆಯೆಲ್ಲ ಕೂರೋದು, ಯಾವ ಪದ ನನ್ನ ಮೇಲೆ ತಿರುಗುತ್ತೋ ಅಂತ. ದಿನಸಿ ಅಂಗಡಿಗೆ ಕರ್ಕೊಂಡು ಹೋಗೋದು ನಿಂತಿತು, ರಸ್ತೇಲಿ ಯಾರಾದ್ರೂ ಎಡವಿದ್ರೆ ಯಾರು ನನ್ನ ಪಕ್ಕ ನಿಲ್ತಾರೆ? ಸ್ಟಾಫ್‌ರೂಮಲ್ಲಿ ಗೊತ್ತಿಲ್ಲ ಅನ್ನೋ ಮಾತು ಮತ್ತೆ ಬಾಯಿಗೆ ಬರಲಿಲ್ಲ. ಮಗ್ಗಿ ಬಿಟ್ಟೆ, ಅದರ ಬದಲಿಗೆ ಕಂಪ್ಯೂಟರಿನ ಆಟ ಒಂದು ಕೊಟ್ಟಿದ್ರು, ಸೀನಾ ಅದರಲ್ಲಿ ಬಣ್ಣದ ಮೀನು ಆರಿಸ್ತಾ ಕೂತಿರೋಳು. ಒಂದು ದಿನ ಬೋರ್ಡ್ ಮೇಲೆ ಆರೆಂಟ್ಲ ನಲವತ್ತಾರು ಅಂತ ಬರೆದೆ. ನಾನು! ಒಂದು ಮಗು, "ಮಿಸ್, ನಲವತ್ತೆಂಟು" ಅಂತು. ಹೋದ ವರ್ಷ ಆಗಿದ್ರೆ ಕೈ ಕುಲುಕ್ತಿದ್ದೆ. ಅವತ್ತು ಬೇಗ ಬೇಗ ಒರೆಸಿ ಬಾಗಿಲ ಕಡೆ ನೋಡಿದೆ. ಅದೇ ಕೊಠಡಿ, ಅದೇ ಮಕ್ಕಳು, ಅದೇ ನಾನು. ಪಾಠಕ್ಕೆ ಅಂತ ಇದ್ದ ಬುದ್ಧಿಯೆಲ್ಲ ಕಾವಲಿಗೆ ಹೋಗಿಬಿಟ್ಟಿತ್ತು. ಹೊಲ ಉಳಬೇಕಾದ ಎತ್ತನ್ನ ಬೇಲಿಗೆ ಕಟ್ಟಿದ ಹಾಗೆ.

ಇಲ್ಲಿ ವರ್ಷದ ಮಧ್ಯೆ ತಾಯಿತಂದೆ, ಮಗು, ಟೀಚರು ಮೂರೂ ಜನ ಕೂತು ಮಾತಾಡೋ ಒಂದು ಸಭೆ ಇರುತ್ತಲ್ಲ, ನಿನಗೂ ಇತ್ತು. ಆ ಸಲ ನನ್ನ ಕೊಠಡೀಲಿ ಕ್ರೇಗ್ ಕೂಡ ಬಂದು ಕೂತ. ಯಾಕೆ ಅಂದ್ರೆ, "ನಿನ್ನ ಬೆಂಬಲಕ್ಕೆ ಸುಮಿ" ಅಂದ. ಸೀನಾಳ ತಾಯಿ ಮಲಿಯಾ ಬಂದಳು, ಪೆನ್‌ರೋಸಲ್ಲಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಆ ಕೆಲಸದ ಹಳದಿ ಜಾಕೆಟ್ಟಲ್ಲೇ ಬಂದಿದ್ದಳು, ಕೂತ್ಕೊಳ್ಳೋಕೆ ಮುಂಚೆ ಕುರ್ಚಿ ಕೊಳೆ ಆಗುತ್ತೇನೋ ಅಂತ ತನ್ನ ಬಟ್ಟೆಯನ್ನ ಕೈಯಲ್ಲಿ ಒರೆಸ್ಕೊಂಡಳು. ಸೀನಾ ಪಕ್ಕದಲ್ಲಿ. ಮಲಿಯಾ ಸುತ್ತು ಬಳಸಲಿಲ್ಲ. "ಮಿಸ್, ಮುಂದಿನ ವರ್ಷ ದೊಡ್ಡ ಸ್ಕೂಲು. ನನ್ನ ಮಗಳು ತಯಾರಾ?" ನಾನು ಹೇಳಿದೆ, ಅಷ್ಟು ದಿನ ಆದ ಮೇಲೆ ಒಂದು ಸಲ ಧೈರ್ಯ ಮಾಡಿದೆ, "ಇಲ್ಲ ಮಲಿಯಾ, ಇನ್ನೂ ಇಲ್ಲ. ಅವಳಿಗೆ ಮಗ್ಗಿ ಗಟ್ಟಿಯಾಗಬೇಕು. ದಿನಾ ಬೆಳಿಗ್ಗೆ ಬೆಲ್ಲಿಗೆ ಮುಂಚೆ ಅರ್ಧ ಗಂಟೆ ಕಳಿಸು, ನಾನು ಹೇಳಿಕೊಡ್ತೀನಿ. ವರ್ಷದ ಕೊನೆಗೆ ಆಗ್ತಾಳೆ." ಸೀನಾ ಮುಖ ಎತ್ತಿದಳು. ಅಷ್ಟರಲ್ಲಿ ಕ್ರೇಗ್ ನಕ್ಕು ಮುಂದೆ ಬಗ್ಗಿದ. "ಸುಮಿ ಹೇಳ್ತಿರೋದು ಏನಂದ್ರೆ, ಸೀನಾ ತನ್ನದೇ ದಾರಿಯಲ್ಲಿ ತುಂಬಾ ಚೆನ್ನಾಗಿ ಹೋಗ್ತಿದಾಳೆ. ಚಿಂತೆ ಮಾಡೋಂಥದ್ದು ಏನೂ ಇಲ್ಲ." ಮಲಿಯಾ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವರು ಎದ್ದ ಮೇಲೆ ಅವನು ನನಗೆ ಮೆಲ್ಲಗೆ, "ಒಬ್ಬರಿಗೆ ಬೆಳಿಗ್ಗೆ ಪಾಠ ಅಂದ್ರೆ ನಾಳೆ ಎಲ್ಲರೂ ಕೇಳ್ತಾರೆ, ಅಲ್ವಾ?" ಅಂದ. ನನಗೆ ತಡೀಲಿಲ್ಲ, ಮಲಿಯಾಳ ಹಿಂದೆ ಗೇಟಿನವರೆಗೆ ಹೋದೆ. ಅವಳೂ ನಿಂತಿದ್ದಳು, ನನಗಾಗಿ ಕಾಯ್ತಿದ್ದಳು. "ಮಿಸ್, ನಿಜ ಹೇಳು. ನಾನು ಚಿಂತೆ ಮಾಡಬೇಕಾ, ಬೇಡ್ವಾ? ಬೇಕು ಅಂದ್ರೆ ನಾನು ನಿನ್ನ ಮನೆಗೇ ಕಳಿಸ್ತೀನಿ." ನಾನು ತಿರುಗಿ ನೋಡಿದೆ. ಕಿಟಕೀಲಿ ಕ್ರೇಗ್ ಕೈ ಆಡಿಸ್ತಿದ್ದ, ಬೈ ಬೈ ಅಂತ. "ಪ್ರಿನ್ಸಿಪಾಲ್ ಹೇಳಿದ್ದು ಸರಿ ಮಲಿಯಾ" ಅಂದೆ. ಅವಳು ದೊಡ್ಡ ಉಸಿರು ಬಿಟ್ಟು ನನ್ನ ತಬ್ಬಿಕೊಂಡು ಥ್ಯಾಂಕ್ ಯೂ ಅಂದಳು. ಅವಳ ಜಾಕೆಟ್ ತಣ್ಣಗಿತ್ತು.

ಆಮೇಲೆ ಇನ್ನೇನು. ಇದೇ ಬಾಯಿ ಇಟ್ಕೊಂಡು ಮಕ್ಕಳ ಎದುರಿಗೆ ಹೇಗೆ ನಿಲ್ಲೋದು? ವರ್ಷದ ಕೊನೆಗೆ ರಾಜೀನಾಮೆ ಕೊಟ್ಟೆ. ಕ್ರೇಗ್‌ಗೆ ನಿಜವಾಗಿ ಬೇಜಾರಾಯ್ತು. ದೊಡ್ಡ ಹೂಗುಚ್ಛ ಕೊಟ್ಟು, ಯಾಕೆ ಅಂತ ಎರಡು ಸಲ ಕೇಳಿದ. ವಯಸ್ಸಾಯ್ತು ಅಂದೆ. ಅವನಿಗೆ ಒಂದು ಮಾತು ಬಿಡಿಸಿ ಹೇಳಿದ್ರೆ ಅರ್ಥ ಮಾಡ್ಕೊಳ್ತಿದ್ನೋ ಏನೋ, ಆ ಲೆಕ್ಕ ನನಗೆ ಇನ್ನೂ ಬಗೆಹರಿದಿಲ್ಲ. ಹೆದರ್ ಡನೀಡಿನ್ನಿಂದ ಫೋನ್ ಮಾಡಿದ್ರು, "ಬಿಟ್ಟೆ ಅಂತ ಕೇಳಿದೆ, ನನಗೆ ಯಾಕೆ ಹೇಳಲಿಲ್ಲ?" ನಾನಂದೆ, ಅಷ್ಟು ದೂರದಿಂದ ನೀವು ಏನು ಮಾಡೋಕಾಗ್ತಿತ್ತು ಅಂತ. ಅವರು, "ಏನೂ ಇಲ್ಲ. ಆದರೆ ನಾಳೆ ಏನು ಪಾಠ ಮಾಡ್ತೀಯ ಅಂತ ದಿನಾ ಕೇಳ್ತಿದ್ದೆ" ಅಂದ್ರು. ನಾನು ಫೋನ್ ಹಿಡ್ಕೊಂಡು ಅಲ್ಲೇ ಅಡುಗೆಮನೇಲಿ ಕೂತುಬಿಟ್ಟೆ.

ಒಂದೆರಡು ವರ್ಷ ಆದ ಮೇಲೆ, ಸ್ಯಾಂಡ್ರಿಂಗಮ್ ರೋಡ್ ಬಸ್ ಸ್ಟಾಪಲ್ಲಿ, ಕೈಯಲ್ಲಿ ಕೊತ್ತಂಬರಿ ಸೊಪ್ಪು ಹಿಡ್ಕೊಂಡು ನಿಂತಿದೀನಿ, ಮಲಿಯಾ ಸಿಕ್ಕಿದಳು. ಅದೇ ನಗು. ಸೀನಾ ಹೇಗಿದಾಳೆ ಅಂದೆ. "ಚೆನ್ನಾಗಿದಾಳೆ ಮಿಸ್, ಚರ್ಚಲ್ಲಿ ಹಾಡ್ತಾಳೆ. ಲೆಕ್ಕದಲ್ಲಿ ಅವಳನ್ನ ಕೊನೇ ಗುಂಪಿಗೆ ಹಾಕಿದಾರೆ, ಆ ಗಂಟೆ ಇದ್ದ ದಿನ ಹೊಟ್ಟೆ ನೋವು ಅಂತ ಮನೇಲೇ ಇರ್ತಾಳೆ" ಅಂದಳು. ನನ್ನ ಮೇಲೆ ಕೋಪ ಇರಲಿಲ್ಲ, ಇದ್ದಿದ್ರೆ ವಾಸಿ ಆಗಿರೋದು. ನನ್ನ ಕೈ ಹಿಡ್ಕೊಂಡು ಹೇಳ್ತಾಳೆ, "ಮೊದಲನೇ ವರ್ಷ ನೀನು ಎಷ್ಟು ಚೆನ್ನಾಗಿ ಕಲಿಸ್ತಿದ್ದೆ ಮಿಸ್! ಎರಡನೇ ವರ್ಷ ನೀನು ಬೇರೆಯಾಗಿಬಿಟ್ಟೆ, ನನಗೆ ಗೊತ್ತು, ಪಾಪ. ಗಂಡ ಹೋದ ದುಃಖ, ಅಲ್ವಾ?" ಲೆಕ್ಕ ಹಾಕಿ ನೋಡು ಅನಘಾ. ತಾತ ಹೋದ ವರ್ಷ ನಾನು ಅತಿ ಚೆನ್ನಾಗಿ ಪಾಠ ಮಾಡಿದ್ದು. ನಾನು ಕೆಟ್ಟ ವರ್ಷ ನಮ್ಮನೇಲಿ ಯಾರೂ ಸತ್ತಿರಲಿಲ್ಲ. ಇದನ್ನ ಅವಳಿಗೆ ಹೇಳಬೇಕಿತ್ತು, ಬಸ್ಸು ಬರ್ತಿತ್ತು, "ಹೂಂ ಮಲಿಯಾ, ಅದೇ" ಅಂದೆ. ಎಲ್ಲಾ ಅವರ ಮೇಲೆ ಹಾಕಿಬಿಟ್ಟೆ, ನನ್ನ ಡಬ್ಬಿಗೆ ಮುಚ್ಚಳ ಹಾಕಿ ಹೋದವರ ಮೇಲೆ. ಸತ್ತವರು ಎದ್ದು ಬಂದು ಇಲ್ಲ ಅನ್ನಲ್ಲ, ಅಲ್ವಾ.

ಅಳಬೇಡ, ಅದಕ್ಕಲ್ಲ ನಾನು ಹೇಳಿದ್ದು. ನಮ್ಮಜ್ಜಿ ಕಾವೇರಿ ನೀರು ತಲೆ ಮೇಲೆ ಹೊತ್ತು ತರೋಳು, ತುಂಬಿದ ಕೊಡ, ಮೆಟ್ಟಿಲು ಹತ್ತಿ. ಕತ್ತು ಅವಳದ್ದೇ, ಶಕ್ತಿ ಅವಳದ್ದೇ, ಆದರೂ ತಲೆ ಮೇಲೆ ಬಟ್ಟೆ ಸುತ್ತಿದ ಒಂದು ಸಿಂಬಿ ಇಲ್ಲದೆ ಕೊಡ ಎತ್ತುತ್ತಿರಲಿಲ್ಲ. ನೀನೂ ಕೆಲಸ ಮಾಡೋಳೇ, ನಾಳೆ ನಿನ್ನ ಕೈಕೆಳಗೂ ನಾಲ್ಕು ಜನ ಇರ್ತಾರೆ. ಅವರ ಕೊಡ ನೀನು ಹೊರಬೇಡ, ಆಹಾ ಎಷ್ಟು ಚೆನ್ನಾಗಿ ಹೊರ್ತೀಯ ಅಂತ ದೂರ ನಿಂತು ಹೊಗಳಲೂ ಬೇಡ. ಸಿಂಬಿ ಸುತ್ತಿ ಕೊಡು, ಸಾಕು. ಏಳು ಈಗ, ಅನ್ನಕ್ಕೆ ಇಡಬೇಕು.